ಕಣ್ಣಿಗೆ ಒಂದೇ ಪದ, ನಾಲಗೆಗೆ ಎರಡು

ವಿಜಯಪುರದ ಶೇರ್ಜಾ ಬುರುಜಿನ ಮೇಲಿರುವ ದೊಡ್ಡ ತೋಪನ್ನು ಕೆಲವರು ಮಲಿಕ್-ಎ-ಮೈದಾನ್ ಎನ್ನುತ್ತಾರೆ, ಕೆಲವರು ಮುಲ್ಕ್-ಎ-ಮೈದಾನ್ ಎನ್ನುತ್ತಾರೆ. ಬರಹದಲ್ಲೂ ಎರಡೂ ಹೆಸರು ಕಾಣಸಿಗುತ್ತವೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ಈ ತೋಪಿನ ಬಾಯಿಗೆ ಸಿಂಹದ ಮುಖವಿದೆ. ಮಲಿಕ್ ಎಂದರೆ ಅರಸ, ಒಡೆಯ. ಮುಲ್ಕ್ ಎಂದರೆ ನಾಡು, ದೇಶ. ತೋಪಿಗೆ ‘ರಣರಂಗದ ಒಡೆಯ’ ಎಂಬ ಹೆಸರು ಒಪ್ಪುತ್ತದೆ, ‘ರಣರಂಗದ ನಾಡು’ ಅಷ್ಟು ಒಪ್ಪುವುದಿಲ್ಲ. ಆದರೂ ಎರಡನೆಯ ಹೆಸರು ಬಳಕೆಯಲ್ಲಿರುವುದರಲ್ಲಿ ಆಶ್ಚರ್ಯವಿಲ್ಲ. ಫಾರ್ಸಿ-ಉರ್ದು ಬರಹದಲ್ಲಿ ಈ ಎರಡೂ ಪದಗಳಿಗೆ ಇರುವುದು ಒಂದೇ ರೂಪ: ಮೀಮ್, ಲಾಮ್, ಕಾಫ್. ಮೂರೇ ಅಕ್ಷರ, ಮೂರೂ ವ್ಯಂಜನ. ನಡುವಿನ ಹ್ರಸ್ವ ಸ್ವರಗಳನ್ನು ಓದುಗನೇ ತುಂಬಿಕೊಳ್ಳಬೇಕು. ಇವೇ ಮೂರು ಅಕ್ಷರಗಳನ್ನು ‘ಮಲಕ್’ ಎಂದು ಓದಿದರೆ ದೇವದೂತ, ‘ಮಿಲ್ಕ್’ ಎಂದು ಓದಿದರೆ ಸ್ವತ್ತು.

ಬರೆದಾಗ ಒಂದೇ, ಓದಿದಾಗ ಬೇರೆ, ಅರ್ಥವೂ ಬೇರೆ. ಇಂಥ ಪದಗಳನ್ನು ಇಂಗ್ಲಿಷಿನಲ್ಲಿ ಹೆಟೆರೊನಿಮ್ ಎಂದು ಕರೆಯುತ್ತಾರೆ. ನಮ್ಮ ಶಾಲೆಯ ವ್ಯಾಕರಣದಲ್ಲಿ ಬರುವ ನಾನಾರ್ಥ ಪದಗಳೇ ಬೇರೆ, ಇವೇ ಬೇರೆ. ‘ತಿಂಗಳು’ ಎಂಬುದಕ್ಕೆ ಚಂದ್ರ ಎಂಬ ಅರ್ಥವೂ ಉಂಟು, ಮಾಸ ಎಂಬ ಅರ್ಥವೂ ಉಂಟು. ಆದರೆ ಉಚ್ಚಾರ ಒಂದೇ. ಅಲ್ಲಿ ಅರ್ಥ ತಪ್ಪಿದರೂ ನಾಲಗೆ ತಪ್ಪುವುದಿಲ್ಲ. ಹೆಟೆರೊನಿಮ್‌ಗಳಲ್ಲಿ ಅರ್ಥ ಹಿಡಿಯದೆ ಬಾಯಿ ತೆರೆಯುವುದಕ್ಕೇ ಆಗುವುದಿಲ್ಲ. ಓದುವುದಕ್ಕೂ ತಿಳಿಯುವುದಕ್ಕೂ ನಡುವೆ ಇರುವ ಕ್ರಮವೇ ಇಲ್ಲಿ ತಿರುವುಮುರುವಾಗುತ್ತದೆ.

ನಮ್ಮ ಮಕ್ಕಳು ಇಂಗ್ಲಿಷ್ ಓದುವಾಗ ಎಡವುವುದು ಈ ಜಾಗದಲ್ಲಿಯೇ. ಕನ್ನಡದ ಕಾಗುಣಿತ ಕಲಿತ ಮಗು ಅಕ್ಷರವನ್ನು ನಂಬುತ್ತದೆ. ‘ಕೆ’ ಎಂದು ಬರೆದಿದ್ದರೆ ‘ಕೆ’, ‘ಕೇ’ ಎಂದು ಬರೆದಿದ್ದರೆ ‘ಕೇ’. ಅರ್ಥವಾಗದ ಪದವನ್ನೂ ಅದು ಸರಿಯಾಗಿ ಓದಿಬಿಡುತ್ತದೆ. ಅದೇ ಮಗು ಇಂಗ್ಲಿಷ್ ಪಾಠದಲ್ಲಿ ಆರ್-ಇ-ಎ-ಡಿ ಎಂಬ ಪದವನ್ನು ‘ರೀಡ್’ ಎಂದು ಓದುತ್ತದೆ, ಶಿಕ್ಷಕರು ‘ರೆಡ್’ ಎಂದು ತಿದ್ದುತ್ತಾರೆ. ಮುಂದಿನ ಸಾಲಿನಲ್ಲಿ ಅದೇ ಪದ ಬಂದಾಗ ಮಗು ಕಲಿತ ಪಾಠದಂತೆ ‘ರೆಡ್’ ಎನ್ನುತ್ತದೆ, ಈಗ ‘ರೀಡ್’ ಎನ್ನಬೇಕಿತ್ತು ಎಂಬ ಮಾತು ಬರುತ್ತದೆ. ಕಾರಣ ಹೇಳುವವರಿಲ್ಲ. ಹಳ್ಳಿಯ ಶಾಲೆಯ ಎಷ್ಟೋ ಮಕ್ಕಳು ಇಂಗ್ಲಿಷ್ ತಮಗೆ ದಕ್ಕುವ ವಿದ್ಯೆಯಲ್ಲ ಎಂದು ಕೈಬಿಡುವುದು ಇಂಥ ಹೊತ್ತಿನಲ್ಲಿ. ತಪ್ಪು ಮಗುವಿನದಲ್ಲ. ಮಗು ಬರಹವನ್ನು ನಂಬಿತು. ಆ ಬರಹ ನಂಬಿಕೆಗೆ ತಕ್ಕಷ್ಟು ಹೇಳಲಿಲ್ಲ. ಏಕೆ ಹೇಳಲಿಲ್ಲ ಎಂಬುದಕ್ಕೆ ಕಾರಣಗಳಿವೆ, ಅವನ್ನು ಮಕ್ಕಳಿಗೆ ಹೇಳಲೂಬಹುದು.

ಇಂಗ್ಲಿಷಿನ ಮೊದಲ ಕಾರಣ ಇತಿಹಾಸದ್ದು. ಎಲ್-ಇ-ಎ-ಡಿ ತೆಗೆದುಕೊಳ್ಳೋಣ. ‘ಲೀಡ್’ ಎಂದರೆ ಮುನ್ನಡೆಸು. ಮತ ಎಣಿಕೆಯ ದಿನ ಎಲ್ಲರ ಬಾಯಲ್ಲಿರುವ ಲೀಡ್ ಇದೇ. ‘ಲೆಡ್’ ಎಂದರೆ ಸೀಸ, ವಾಹನದ ಬ್ಯಾಟರಿಯೊಳಗಿನ ಲೋಹ. ಇವೆರಡೂ ಒಂದೇ ಪದದ ಎರಡು ಅರ್ಥಗಳಲ್ಲ, ಬೇರೆ ಬೇರೆ ಬೇರಿನಿಂದ ಬಂದ ಪದಗಳು. ಹಳೆಯ ಇಂಗ್ಲಿಷಿನಲ್ಲಿ ಇವುಗಳ ಸ್ವರವೂ ಬೇರೆಯಾಗಿತ್ತು, ಬರಹವೂ ಬೇರೆಯಾಗಿತ್ತು. ಕಾಲಕ್ರಮದಲ್ಲಿ ಎರಡೂ ‘ಇ-ಎ’ ಎಂಬ ಒಂದೇ ಬರಹದ ಕೆಳಗೆ ಬಂದು ಸೇರಿದವು. ಆಮೇಲೆ ಲೋಹದ ಹೆಸರಿನಲ್ಲಿ ದೀರ್ಘವಿದ್ದ ಸ್ವರ ಹ್ರಸ್ವವಾಯಿತು. ಬ್ರೆಡ್, ಡೆಡ್, ಹೆಡ್ ಎಂಬ ಪದಗಳಲ್ಲೂ ಇದೇ ಆಗಿದೆ. ಮುನ್ನಡೆಸುವ ಪದದಲ್ಲಿ ದೀರ್ಘ ಉಳಿದು ‘ಈ’ ಆಯಿತು. ಉಚ್ಚಾರಗಳು ಹೀಗೆ ಬೇರೆ ದಾರಿ ಹಿಡಿದವು, ಬರಹ ಮಾತ್ರ ನಿಂತಲ್ಲಿಯೇ ನಿಂತಿತು.

ನಿಲ್ಲಿಸಿದ್ದರಲ್ಲಿ ಮುದ್ರಣದ ಪಾಲು ದೊಡ್ಡದು. ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮೊದಲ ಅಚ್ಚುಕೂಟ ತೆರೆದದ್ದು 1476ರಲ್ಲಿ. ಆಗ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸುತ್ತಿದ್ದವು. ಸುಮಾರು 1400ರಿಂದ 1700ರವರೆಗೆ ಈ ಪಲ್ಲಟ ನಡೆಯಿತು. ಅಂದರೆ ನಾಲಗೆ ಇನ್ನೂ ಹೊರಳುತ್ತಿರುವಾಗಲೇ ಕಾಗದದ ಮೇಲೆ ಅಕ್ಷರಗಳು ಗಟ್ಟಿಯಾಗತೊಡಗಿದವು. ಇವತ್ತು ನಮ್ಮ ಮಕ್ಕಳು ಓದುತ್ತಿರುವುದು ಐದಾರು ನೂರು ವರ್ಷ ಹಿಂದಿನ ಉಚ್ಚಾರದ ಗುರುತುಗಳನ್ನು. ಕಣ್ಣೀರಿಗೆ ‘ಟಿಯರ್’, ಬಟ್ಟೆ ಹರಿಯುವುದಕ್ಕೆ ‘ಟೇರ್’. ಬಿಲ್ಲಿಗೆ ‘ಬೋ’, ಬಾಗುವುದಕ್ಕೆ ‘ಬೌ’. ಬಿತ್ತುವುದಕ್ಕೆ ‘ಸೋ’, ಹೆಣ್ಣು ಹಂದಿಗೆ ‘ಸೌ’. ಈ ಜೋಡಿಗಳಲ್ಲೆಲ್ಲ ಎರಡು ಹಳೆಯ ಪದಗಳು ಒಂದೇ ಅಂಗಿ ತೊಟ್ಟು ನಿಂತಿವೆ.

ಡಬ್ಲ್ಯೂ-ಐ-ಎನ್-ಡಿ ಜೋಡಿಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಗಾಳಿಗೆ ‘ವಿಂಡ್’, ಸುತ್ತುವುದಕ್ಕೆ ‘ವೈಂಡ್’. ಹಳೆಯ ಇಂಗ್ಲಿಷ್ ಕವಿತೆಗಳಲ್ಲಿ ಗಾಳಿಯೂ ‘ವೈಂಡ್’ ಆಗಿಯೇ ಕಾಣಿಸಿಕೊಂಡು, ಕೈಂಡ್, ಫೈಂಡ್ ಎಂಬ ಪದಗಳೊಡನೆ ಪ್ರಾಸ ಕೂಡಿಸುತ್ತದೆ. ಗಾಳಿಗಿರಣಿ, ಗಾಳಿ ತುಂಬಿದ ದಿನ ಎಂಬಂಥ ಅರ್ಥದ ವಿಂಡ್‌ಮಿಲ್, ವಿಂಡಿ ಪದಗಳಲ್ಲಿ ಹ್ರಸ್ವ ಉಳಿದಿತ್ತು. ಅವುಗಳ ಒತ್ತಾಸೆಯಿಂದ ಬಿಡಿಪದದಲ್ಲೂ ಹ್ರಸ್ವವೇ ಗೆದ್ದಿತು. ಆದ್ದರಿಂದ ಗಾಳಿಯನ್ನು ‘ವೈಂಡ್’ ಎಂದು ಓದಿದ ಮಗು ಪ್ರಾಸಬದ್ಧ ಕವಿತೆ ಬರೆದ ಆ ಕಾಲದ ಕವಿಗಳ ಸಾಲಿನಲ್ಲಿ ಕೂಡುತ್ತದೆ. ಮೊದಲು ಹೀಗೆ ಹೇಳಿ ಆಮೇಲೆ ತಿದ್ದಿದರೆ ಮಗುವಿನ ಮುಖ ಬಾಡುವುದಿಲ್ಲ.

ಆರ್-ಇ-ಎ-ಡಿ ಕಥೆ ಸ್ವಲ್ಪ ಬೇರೆ. ಇಲ್ಲಿ ಪದ ಒಂದೇ, ಕಾಲ ಬೇರೆ. ಭೂತಕಾಲದ ಪ್ರತ್ಯಯ ಸೇರಿ ‘ಡ’ಕಾರ ಇಮ್ಮಡಿಯಾದಾಗ ಅದರ ಹಿಂದಿನ ಸ್ವರ ಗಿಡ್ಡವಾಯಿತು. ‘ಲೀಡ್’ ಎಂಬ ಕ್ರಿಯಾಪದದ ಭೂತಕಾಲದಲ್ಲೂ ಹಾಗೆಯೇ ಆಯಿತು. ಅಲ್ಲಿ ಎಲ್-ಇ-ಡಿ ಎಂದು ಹೊಸದಾಗಿ ಬರೆದರು, ಇಲ್ಲಿ ಬರೆಯಲಿಲ್ಲ. ಇಂಗ್ಲಿಷ್ ಬಲ್ಲವರೂ ಎಲ್-ಇ-ಡಿ ಬರೆಯಬೇಕಾದಲ್ಲಿ ಎಲ್-ಇ-ಎ-ಡಿ ಬರೆದುಬಿಡುವುದಕ್ಕೆ ಈ ಅಸಮತೆಯೇ ಕಾರಣ.

ಎರಡನೆಯ ಕಾರಣ ಒತ್ತು. ಕನ್ನಡಿಗರಿಗೆ ಇದು ಮೊದಲನೆಯದಕ್ಕಿಂತ ಕಷ್ಟದ್ದು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಇದು ನಮ್ಮ ಕಿವಿಗೇ ಬೀಳುವುದಿಲ್ಲ. ಕನ್ನಡದಲ್ಲಿ ಪದದ ಯಾವ ಭಾಗವನ್ನು ಒತ್ತಿ ಹೇಳಿದರೂ ಅರ್ಥ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಬದಲಾಗುತ್ತದೆ. ‘ರೆಕಾರ್ಡ್’ ಎಂದು ಮೊದಲ ಭಾಗ ಒತ್ತಿದರೆ ದಾಖಲೆ, ‘ರಿಕಾರ್ಡ್’ ಎಂದು ಎರಡನೆಯ ಭಾಗ ಒತ್ತಿದರೆ ದಾಖಲಿಸು. ‘ಕಾಂಟೆಂಟ್’ ಎಂದರೆ ಒಳಗಿರುವ ವಿಷಯ, ‘ಕಂಟೆಂಟ್’ ಎಂದರೆ ತೃಪ್ತ. ‘ಡೆಸರ್ಟ್’ ಮರಳುಗಾಡು, ‘ಡಿಸರ್ಟ್’ ತೊರೆದುಹೋಗು. ‘ಇನ್‌ವಲಿಡ್’ ಎಂದರೆ ಹಾಸಿಗೆ ಹಿಡಿದ ರೋಗಿ, ‘ಇನ್‌ವ್ಯಾಲಿಡ್’ ಎಂದರೆ ಅಸಿಂಧು. ಒತ್ತು ಬಿದ್ದ ಸ್ವರ ಪೂರ್ತಿಯಾಗಿ ಕೇಳುತ್ತದೆ, ಒತ್ತಿಲ್ಲದ ಸ್ವರ ಕುಗ್ಗಿ ಅಸ್ಪಷ್ಟವಾಗುತ್ತದೆ. ಅದಕ್ಕೇ ಕನ್ನಡದಲ್ಲಿ ಬರೆದಾಗ ‘ರೆ’ ‘ರಿ’ ಆಗಿ, ‘ಕಾಂ’ ‘ಕಂ’ ಆಗಿ ಕಾಣುತ್ತದೆ. ಇಂಥ ಜೋಡಿಗಳಲ್ಲಿ ಬಹುಮಟ್ಟಿಗೆ ನಾಮಪದಕ್ಕೆ ಒತ್ತು ಮೊದಲ ಭಾಗದಲ್ಲಿ, ಕ್ರಿಯಾಪದಕ್ಕೆ ಎರಡನೆಯ ಭಾಗದಲ್ಲಿ. ಈ ಒಂದು ಸೂತ್ರ ಕೈಗೆ ಸಿಕ್ಕರೆ ಪ್ರಾಜೆಕ್ಟ್, ಪರ್ಮಿಟ್, ಆಬ್ಜೆಕ್ಟ್, ಪ್ರೆಸೆಂಟ್ ಎಲ್ಲವೂ ಒಂದೇ ಹಿಡಿತಕ್ಕೆ ಬರುತ್ತವೆ. ಅಕ್ಷರಕ್ಕೆ ಇಪ್ಪತ್ತಾರೇ ಗುರುತುಗಳಿರುವ ಬರಹದಲ್ಲಿ ಒತ್ತಿಗೆ ಗುರುತೇ ಇಲ್ಲ. ನಿಘಂಟಿನಲ್ಲಿ ಮಾತ್ರ ಒತ್ತು ಬೀಳುವ ಭಾಗದ ಹಿಂದೆ ಒಂದು ಸಣ್ಣ ನೆಟ್ಟಗೆರೆ ಇರುತ್ತದೆ. ಆ ಗೆರೆಯನ್ನು ನೋಡುವುದನ್ನು ಶಾಲೆಯಲ್ಲಿ ಕಲಿಸಬೇಕು. ಹೆಚ್ಚಿನ ಕಡೆ ಕಲಿಸುವುದಿಲ್ಲ.

ಇಷ್ಟು ಕೇಳಿದ ಮೇಲೆ ಇದು ಇಂಗ್ಲಿಷಿನ ರೋಗ, ನಮಗೆ ಸೋಂಕಿಲ್ಲ ಎಂದುಕೊಳ್ಳುವುದು ಸುಲಭ. ಬೆಳಗಾವಿಯ ಖಡೇಬಜಾರಿನಲ್ಲಿ ಅರ್ಧ ಗಂಟೆ ನಿಂತರೆ ಈ ಭ್ರಮೆ ಕಳಚುತ್ತದೆ. ಅಲ್ಲಿ ಅದೇ ವ್ಯಾಪಾರಿ ಒಬ್ಬ ಗಿರಾಕಿಯೊಡನೆ ಕನ್ನಡ, ಇನ್ನೊಬ್ಬರೊಡನೆ ಮರಾಠಿ ಆಡುತ್ತಾನೆ. ಮರಾಠಿಯಲ್ಲಿ ‘ಚ’ ಮತ್ತು ‘ಜ’ ಅಕ್ಷರಗಳಿಗೆ ಎರಡೆರಡು ಉಚ್ಚಾರಗಳಿವೆ. ಒಂದು ನಮ್ಮ ತಾಲವ್ಯದ್ದು, ನಾಲಗೆ ಅಂಗುಳಕ್ಕೆ ತಾಗುವಂಥದ್ದು; ಇನ್ನೊಂದು ಹಲ್ಲಿನ ಹಿಂದೆ ಹುಟ್ಟುವ ‘ತ್ಸ’, ‘ದ್ಜ’. ಬರಹದಲ್ಲಿ ಭೇದವೇ ಇಲ್ಲ. ದೇವನಾಗರಿಯಲ್ಲಿ ‘ಜಗ’ ಎಂದು ಬರೆದಿದ್ದನ್ನು ನಮ್ಮ ಜಕಾರದಿಂದ ಓದಿದರೆ ಲೋಕ, ಹಲ್ಲಿನ ಜಕಾರದಿಂದ ಓದಿದರೆ ‘ಬದುಕು’ ಎಂಬ ಆಜ್ಞೆ. ‘ಜರಾ’ ಎಂಬುದು ಒಂದು ಓದಿನಲ್ಲಿ ಮುಪ್ಪು, ಇನ್ನೊಂದರಲ್ಲಿ ‘ಸ್ವಲ್ಪ’. ಸಂಸ್ಕೃತದಿಂದ ನೇರವಾಗಿ ಬಂದ ಪದಗಳಲ್ಲಿ ತಾಲವ್ಯವೇ ಉಳಿದಿದೆ. ಇ, ಏ ಸ್ವರಗಳ ಹಿಂದೆಯೂ ಸಾಮಾನ್ಯವಾಗಿ ತಾಲವ್ಯವೇ. ಮಿಕ್ಕ ದೇಸಿ ಪದಗಳಲ್ಲಿ ಮತ್ತು ಫಾರ್ಸಿಯಿಂದ ಬಂದವುಗಳಲ್ಲಿ ಹಲ್ಲಿನ ಉಚ್ಚಾರ ಹೆಚ್ಚು. ಮನೆಯಲ್ಲಿ ಮರಾಠಿ ಕೇಳಿ ಬೆಳೆದವರಿಗೆ ಈ ನಿಯಮ ಹೇಳಬೇಕಾಗಿಲ್ಲ. ಪುಸ್ತಕದಿಂದ ಕಲಿತ ಕನ್ನಡಿಗನ ಮರಾಠಿ ಮಾತ್ರ ಎರಡನೆಯ ವಾಕ್ಯಕ್ಕೇ ಗುರುತು ಸಿಗುತ್ತದೆ.

ಹಿಂದೆ ಮರಾಠಿಯನ್ನು ಬರೆಯುತ್ತಿದ್ದ ಮೋಡಿ ಲಿಪಿಯ ಹಳೆಯ ಕಾಗದಪತ್ರಗಳನ್ನು ಓದುವವರು ಈ ಭಾಗದಲ್ಲಿ ಈಗ ಕಡಿಮೆಯಾಗಿದ್ದಾರೆ. ಕೈ ಎತ್ತದೆ ಬರಬರನೆ ಬರೆಯುವುದಕ್ಕಾಗಿ ಬೆಳೆದ ಆ ಲಿಪಿಯಲ್ಲಿ ಇ-ಈ, ಉ-ಊ ಭೇದವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಿದ್ದರು. ದಿನ ಎಂಬುದೂ ದೀನ ಎಂಬುದೂ ಒಂದೇ. ಮಗ ಎಂಬ ಅರ್ಥದ ಸುತ ಮತ್ತು ನೂಲು ಎಂಬ ಅರ್ಥದ ಸೂತ ಒಂದೇ. ಜಮೀನಿನ ಪತ್ರ ಬರೆಯುವ ಗುಮಾಸ್ತನಿಗೆ ವೇಗ ಮುಖ್ಯವಾಗಿತ್ತು, ಓದುವವನಿಗೆ ವ್ಯವಹಾರ ಗೊತ್ತಿರುತ್ತದೆ ಎಂಬ ಧೈರ್ಯವೂ ಇತ್ತು. ಉರ್ದುವಿನ ಜಬರ್, ಜೇರ್, ಪೇಶ್ ಎಂಬ ಸ್ವರಚಿಹ್ನೆಗಳ ಕಥೆಯೂ ಇದೇ. ಅವು ಲಿಪಿಯಲ್ಲಿ ಇವೆ. ಕುರಾನಿನಲ್ಲಿ ಒಂದನ್ನೂ ಬಿಡದೆ ಹಾಕುತ್ತಾರೆ, ಮಕ್ಕಳ ಪುಸ್ತಕದಲ್ಲೂ ಹಾಕುತ್ತಾರೆ. ದಿನನಿತ್ಯದ ಬರಹದಲ್ಲಿ ಬಿಡುತ್ತಾರೆ. ಹೀಗಾಗಿ ಅಲಿಫ್, ಸೀನ್ ಎಂಬ ಎರಡು ಅಕ್ಷರಗಳು ‘ಇಸ್’ ಆದರೆ ‘ಈ’, ‘ಉಸ್’ ಆದರೆ ‘ಆ’.

ಇನ್ನು ಕನ್ನಡ. ನಾವು ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ ಎಂಬ ಮಾತು ಇವತ್ತಿನ ಮಟ್ಟಿಗೆ ಬಹುಪಾಲು ನಿಜ. ಆದರೆ ಅದು ಮೊದಲಿನಿಂದ ಇದ್ದ ಸ್ಥಿತಿಯಲ್ಲ. ಹಳೆಯ ಶಾಸನಗಳಲ್ಲೂ ಓಲೆಗರಿಗಳಲ್ಲೂ ಎ-ಏ ಮತ್ತು ಒ-ಓ ಸ್ವರಗಳಿಗೆ ಬಹುಮಟ್ಟಿಗೆ ಪ್ರತ್ಯೇಕ ಗುರುತಿರಲಿಲ್ಲ. ಎತ್ವಕ್ಕೆ ದೀರ್ಘ ಹಚ್ಚಿ ‘ಕೆ’ಯನ್ನು ‘ಕೇ’ ಮಾಡುವ ಪದ್ಧತಿ ನೆಲೆಗೊಂಡದ್ದು ಬಹಳ ತಡವಾಗಿ. ಅಂದರೆ ‘ಕೊಡು’ ಎಂಬುದೂ ಪ್ರಾಣಿಯ ತಲೆಯ ಮೇಲಿನ ‘ಕೋಡು’ ಎಂಬುದೂ ಬರಹದಲ್ಲಿ ಒಂದೇ. ಹೊಲದ ‘ಬೆಳೆ’ಯೂ ಅಡುಗೆಮನೆಯ ‘ಬೇಳೆ’ಯೂ ಒಂದೇ. ಬಟ್ಟೆ ‘ತೊಡು’ವುದೂ ಬಾವಿ ‘ತೋಡು’ವುದೂ ಒಂದೇ. ಇವೆಲ್ಲ ಅಪ್ಪಟ ಹೆಟೆರೊನಿಮ್‌ಗಳು, ನಮ್ಮವೇ.

ಇದರ ಭಾರ ಬಿದ್ದದ್ದು ಓಲೆಗರಿಗಳನ್ನು ಅಚ್ಚಿಗೆ ಇಳಿಸಿದವರ ಮೇಲೆ. ಫ.ಗು. ಹಳಕಟ್ಟಿಯವರು (1880–1964) ವಿಜಯಪುರದಲ್ಲಿ ನೆಲೆಸಿ, ವಕೀಲಿ ವೃತ್ತಿಯ ನಡುವೆ ವಚನಗಳ ಓಲೆಗರಿ ಕಟ್ಟುಗಳನ್ನು ಹುಡುಕಿ ಕೂಡಿಹಾಕಿದರು, ತಮ್ಮದೇ ಮುದ್ರಣಾಲಯವನ್ನೂ ನಡೆಸಿದರು. ಅಂಥ ಕೆಲಸದಲ್ಲಿ ಪ್ರತಿ ಎ, ಪ್ರತಿ ಒ ಎದುರಾದಾಗಲೂ ಸಂಪಾದಕನು ಹ್ರಸ್ವವೋ ದೀರ್ಘವೋ ಎಂದು ತೀರ್ಮಾನಿಸಬೇಕು. ಕಂದಪದ್ಯವಾದರೆ ಮಾತ್ರೆಗಳ ಲೆಕ್ಕ ಕೈಹಿಡಿಯುತ್ತದೆ: ದೀರ್ಘ ಹಾಕಿದರೆ ಒಂದು ಮಾತ್ರೆ ಹೆಚ್ಚಾಗಿ ಗಣ ಕೆಡುತ್ತದೆ, ಆದ್ದರಿಂದ ಹ್ರಸ್ವವೇ ಸರಿ ಎನ್ನಬಹುದು. ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ. ಅಲ್ಲಿ ಶರಣರ ಮಾತಿನ ಧಾಟಿ ಬಲ್ಲವನ ಅರಿವೊಂದೇ ಆಸರೆ. ಇವತ್ತು ನಾವು ತಡವರಿಸದೆ ಓದುವ ಒಂದೊಂದು ಸಾಲಿನ ಹಿಂದೆಯೂ ಯಾರೋ ಕುಳಿತು ಮಾಡಿದ ಇಂಥ ತೀರ್ಮಾನಗಳಿವೆ. ಆ ದುಡಿಮೆಗೆ ನಾವು ಕೊಟ್ಟಿರುವ ಗೌರವ ಸಾಲದು.

ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ ಇದರ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಅದರ ಕಾಲ ಸುಮಾರು ಕ್ರಿ.ಶ. 700. ‘ಮಾಧವನೀತನ್ ಪೆಱನಲ್ಲ’ ಎಂಬಲ್ಲಿನ ‘ಱ’ ಈಗ ನಮ್ಮ ವರ್ಣಮಾಲೆಯಲ್ಲಿ ಇಲ್ಲ. ರಕಾರಕ್ಕಿಂತ ಗಡುಸಾದ ಈ ಶಕಟರೇಫವೂ ಳಕಾರಕ್ಕೆ ಹತ್ತಿರದ ‘ೞ’ವೂ ಹಳಗನ್ನಡದಲ್ಲಿ ಬೇರೆ ಧ್ವನಿಗಳಾಗಿದ್ದವು. ತಿಳಿ ಎಂಬರ್ಥದ ‘ಅಱಿ’ ಬೇರೆ, ಶತ್ರು ಎಂಬರ್ಥದ ‘ಅರಿ’ ಬೇರೆ. ಬದುಕು ಎಂಬರ್ಥದ ‘ಬಾೞ್’ ಬೇರೆ, ಕತ್ತಿ ಎಂಬರ್ಥದ ‘ಬಾಳ್’ ಬೇರೆ. ಜನರ ನಾಲಗೆಯಲ್ಲಿ ಈ ಭೇದ ಅಳಿಸಿತು. 13ನೆಯ ಶತಮಾನದ ಹೊತ್ತಿಗೆ ವ್ಯಾಕರಣಕಾರ ಕೇಶಿರಾಜನು ೞ ಬರುವ ಪದಗಳನ್ನು ಪಟ್ಟಿ ಮಾಡಿಕೊಡಬೇಕಾಯಿತು ಎಂದರೆ ಬರೆಯುವವರಿಗೆ ಆಗಲೇ ಗೊಂದಲವಾಗುತ್ತಿತ್ತು ಎಂದೇ ಅರ್ಥ. ಕೊನೆಗೆ ಬರಹವೂ ಆ ಎರಡು ಅಕ್ಷರಗಳನ್ನು ಕೈಬಿಟ್ಟಿತು. ಇಂಗ್ಲಿಷಿಗೂ ಕನ್ನಡಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಉಚ್ಚಾರ ಬದಲಾದಾಗ ಇಂಗ್ಲಿಷ್ ಹಳೆಯ ಬರಹವನ್ನೇ ಹಿಡಿದು ನಿಂತಿತು, ಹೀಗಾಗಿ ಅದಕ್ಕೆ ಹೆಟೆರೊನಿಮ್‌ಗಳು ದಕ್ಕಿದವು. ಕನ್ನಡದ ಬರಹ ಬಾಯಿಯ ಹಿಂದೆ ಹೋಯಿತು: ಕೂಡಿಹೋದ ಧ್ವನಿಗಳ ಅಕ್ಷರಗಳನ್ನು ಬಿಟ್ಟಿತು, ಬೇರೆಯಾಗಿದ್ದ ಎ-ಏಗಳಿಗೆ ಗುರುತು ಕೊಟ್ಟಿತು. ಹೀಗಾಗಿ ಅದಕ್ಕೆ ನಾನಾರ್ಥ ಪದಗಳು ದಕ್ಕಿದವು.

ಈ ಬಾಗಿಲು ಪೂರ್ತಿ ಮುಚ್ಚಿಲ್ಲ. ಇಂಗ್ಲಿಷಿನ ‘ಹಾಲ್’, ‘ಕಾಲ್’, ‘ಬಾಲ್’ ಪದಗಳಲ್ಲಿರುವುದು ನಮ್ಮ ಆಕಾರವಲ್ಲ. ಆಕಾರಕ್ಕೂ ಓಕಾರಕ್ಕೂ ನಡುವಿನ ಧ್ವನಿ. ಮರಾಠಿಯವರು ಅದಕ್ಕೆ ಅಕ್ಷರದ ನೆತ್ತಿಯ ಮೇಲೆ ಅರ್ಧಚಂದ್ರ ಹಾಕುತ್ತಾರೆ, ಆದ್ದರಿಂದ ಬೆಳಗಾವಿಯ ಮರಾಠಿ ಫಲಕದಲ್ಲಿ ಸಭಾಂಗಣದ ಹಾಲ್ ಬೇರೆ, ದುಃಸ್ಥಿತಿ ಎಂಬ ಅರ್ಥದ ಹಾಲ ಬೇರೆ. ನಮ್ಮ ಮುದ್ರಣದಲ್ಲಿ ಆ ಗುರುತು ಇಲ್ಲ. ‘ಹಾಲಿನಲ್ಲಿ ನೊಣ ಬಿದ್ದಿದೆ’, ‘ಹಾಲಿನಲ್ಲಿ ಜನ ತುಂಬಿದ್ದಾರೆ’. ಎರಡನ್ನೂ ಜೋರಾಗಿ ಓದಿ ನೋಡಿದರೆ ತುಟಿ ತಾನಾಗಿಯೇ ಬೇರೆ ಆಕಾರ ತಾಳುವುದು ಗೊತ್ತಾಗುತ್ತದೆ.

ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರಂತೂ ದಿನಕ್ಕೆ ಹತ್ತಾರು ಹೆಟೆರೊನಿಮ್ ಹುಟ್ಟಿಸುತ್ತಾರೆ. ಲ-ಳ, ದ-ಡ, ತ-ಟ, ಅ-ಆ ಯಾವ ಭೇದವೂ ಆ ಬರಹದಲ್ಲಿ ಉಳಿಯುವುದಿಲ್ಲ. ಹಳ್ಳಿಯೂ ಹಲ್ಲಿಯೂ ಒಂದೇ, ಕಲ್ಲೂ ಕಳ್ಳೂ ಒಂದೇ. ಹೊಳೆ ಎಂದು ಬರೆದರೆ ಇಂಗ್ಲಿಷ್ ಬಲ್ಲವರ ಕಣ್ಣಿಗೆ ಅದು ತೂತು. ಅಕ್ಷರಮಾಲೆಯಲ್ಲಿ ಇಷ್ಟು ಸ್ಪಷ್ಟ ಗುರುತುಗಳನ್ನು ಕೂಡಿಸಿಕೊಂಡ ಭಾಷೆಯನ್ನು ಮತ್ತೆ ಮಬ್ಬಿಗೆ ತಳ್ಳುವುದು ನನಗೆ ನೋವಿನ ಸಂಗತಿ. ಕನ್ನಡ ಕೀಲಿಮಣೆ ಎಲ್ಲರ ಕೈಯಲ್ಲೂ ಇದೆ.

ಪಳಗಿದ ಓದುಗ ಈ ಗೊಂದಲಗಳನ್ನು ದಾಟುವುದು ಹೇಗೆ? ಅವನ ಕಣ್ಣು ಬಾಯಿಗಿಂತ ಎರಡು ಮೂರು ಪದ ಮುಂದಿರುತ್ತದೆ. ‘ಅವರು ಪತ್ರವನ್ನು ನಿನ್ನೆ ಓದಿದರು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯದಲ್ಲಿ ‘ನಿನ್ನೆ’ ಬರುವುದು ಕೊನೆಯಲ್ಲಿ. ‘ರೆಡ್’ ಎಂದು ಹೇಳಬೇಕಾದದ್ದು ಅದಕ್ಕಿಂತ ಮೊದಲು. ಕೊನೆಯ ಪದವನ್ನು ಕಣ್ಣು ಮುಟ್ಟಿ ಬಂದ ಮೇಲೆಯೇ ಬಾಯಿ ತೆರೆಯಬೇಕು. ಅಕ್ಷರಕ್ಕೆ ಅಕ್ಷರ ಹಚ್ಚಿ ಓದುವ ಕನ್ನಡದ ಅಭ್ಯಾಸ ಇಲ್ಲಿ ಅಡ್ಡ ಬರುತ್ತದೆ. ಆದ್ದರಿಂದ ನಾನು ಕಲಿಸುವಾಗ ವಾಕ್ಯವನ್ನು ಮೊದಲು ಮೌನವಾಗಿ ಓದಿಸುತ್ತೇನೆ, ಆಮೇಲೆ ಗಟ್ಟಿಯಾಗಿ. ಬಿಡಿಪದಗಳ ಪಟ್ಟಿ ಕೊಟ್ಟು ಉಚ್ಚಾರ ಬಾಯಿಪಾಠ ಮಾಡಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಬಿಡಿಯಾಗಿ ನಿಂತ ಎಲ್-ಇ-ಎ-ಡಿಗೆ ಸರಿಯಾದ ಉಚ್ಚಾರ ಎಂಬುದೇ ಇಲ್ಲ.

ಕಣ್ಣು ಕಾಣದವರಿಗಾಗಿ ಪರದೆಯ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶಗಳೂ ಇದೇ ಸಮಸ್ಯೆಯನ್ನು ಬಿಡಿಸಬೇಕಾಗುತ್ತದೆ. ಮೊದಲು ಅವು ಪದ ನಾಮಪದವೋ ಕ್ರಿಯಾಪದವೋ ಎಂದು ಗುರುತಿಸುತ್ತವೆ. ‘ರೆಕಾರ್ಡ್’ ಮತ್ತು ‘ರಿಕಾರ್ಡ್’ ಬೇರ್ಪಡುವುದಕ್ಕೆ ಅಷ್ಟು ಸಾಕು. ‘ಲೀಡ್’ ಮತ್ತು ‘ಲೆಡ್’ ಎರಡೂ ನಾಮಪದಗಳಾಗಿ ಬರಬಹುದಾದ್ದರಿಂದ ಅಲ್ಲಿ ವ್ಯಾಕರಣ ಸೋಲುತ್ತದೆ, ಅಕ್ಕಪಕ್ಕದ ಪದಗಳನ್ನು ನೋಡಲೇಬೇಕು. ಹತ್ತಿರದಲ್ಲಿ ಮತ, ಅಭ್ಯರ್ಥಿ, ಸುತ್ತು ಎಂಬ ಅರ್ಥದ ಪದಗಳಿದ್ದರೆ ಲೀಡ್. ಬ್ಯಾಟರಿ, ಆಮ್ಲ, ಕೊಳವೆ ಇದ್ದರೆ ಲೆಡ್. ತರಗತಿಯಲ್ಲಿಯೂ ಇದೇ ಕ್ರಮ ನಡೆಯುತ್ತದೆ: ಮೊದಲು ಪದದ ಜಾತಿ ಕೇಳಿ, ಅದು ಸಾಲದಿದ್ದರೆ ನೆರೆಯ ಪದಗಳನ್ನು ಕೇಳಿ, ಉಚ್ಚಾರವನ್ನು ಕೊನೆಗೆ ಕೇಳಿ.